ಗ್ರಂಥಾಲಯದ ದೆವ್ವದ ಪುಸ್ತಕಗಳು: ಮಹಾಲಯ ಅಮಾವಾಸ್ಯೆಗೆ ಏನೇನು ಹೊರಗಿಡೋಣ?

ಹಳೇಪುಟ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಹಸ್ತಪ್ರತಿ ಮತ್ತು ಅಪರೂಪದ ಪುಸ್ತಕಗಳ ವಿಭಾಗ ನನ್ನದು. ಮಹಾಲಯ ಅಮಾವಾಸ್ಯೆಯ ವಾರದಲ್ಲಿ ಒಂದು ಪ್ರದರ್ಶನ ಇಡುತ್ತಿದ್ದೇವೆ. ದೆವ್ವ, ಬೇತಾಳ, ಜಿನ್, ಶಕುನ, ಶಾಪ ಇವುಗಳ ಬಗ್ಗೆ ಇರುವ ಹಳೆಯ ಪುಸ್ತಕಗಳನ್ನು ಬೀರುವಿನಿಂದ ಹೊರಗೆ ತಂದು ಜನರಿಗೆ ತೋರಿಸುವುದು ನಮ್ಮ ಯೋಚನೆ.

ದೆವ್ವದ ಕಥೆ ಅಂದರೆ ನಮ್ಮ ಹುಡುಗರಿಗೆ ಸಿನಿಮಾ ನೆನಪಾಗುತ್ತದೆ. ಆದರೆ ಇಲ್ಲಿಂದ ನಲವತ್ತು ಕಿಲೋಮೀಟರ್ ಆಸುಪಾಸಿನ ಮಳಖೇಡದಲ್ಲಿ ಕುಳಿತು ಒಬ್ಬ ಜೈನ ಮುನಿ ದೆವ್ವ ಬಿಡಿಸುವ ಪುಸ್ತಕ ಬರೆದಿದ್ದ. ಹೆಸರು ಇಂದ್ರನಂದಿ, ಪುಸ್ತಕ ಜ್ವಾಲಿನೀಕಲ್ಪ. ಬರೆದು ಮುಗಿಸಿದ್ದು ಶಕ 861ರಲ್ಲಿ, ಅಂದರೆ ಕ್ರಿ.ಶ. 939. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲ, ಊರು ಮಾನ್ಯಖೇಟ. ಸಂಸ್ಕೃತದಲ್ಲಿದೆ.

ಪುಸ್ತಕ ಹುಟ್ಟಿದ ಕಥೆಯನ್ನು ಅದರೊಳಗೇ ಹೇಳಿದ್ದಾನೆ. ಹೇಲಾಚಾರ್ಯ ಎಂಬ ಗುರುವಿನ ಶಿಷ್ಯೆ ಕಮಲಶ್ರೀಗೆ ಬ್ರಹ್ಮರಾಕ್ಷಸ ಹಿಡಿಯುತ್ತದೆ. ಅಳುತ್ತಾಳೆ, ನಗುತ್ತಾಳೆ, ಯಾರ ಮಾತೂ ಕೇಳುವುದಿಲ್ಲ. ಗುರು ಬೆಟ್ಟ ಹತ್ತಿ ಜ್ವಾಲಾಮಾಲಿನಿಯನ್ನು ಪೂಜಿಸುತ್ತಾನೆ. ದೇವಿ ಪ್ರತ್ಯಕ್ಷಳಾಗಿ ಮಂತ್ರ ಕೊಡುತ್ತಾಳೆ. ಆಮೇಲೆ ಬರುವುದೆಲ್ಲ ಕೈಪಿಡಿ. ಮಂತ್ರವಾದಿಗೆ ಯಾವ ಗುಣ ಇರಬೇಕು, ಗ್ರಹಗಳಲ್ಲಿ, ಅಂದರೆ ಮನುಷ್ಯರನ್ನು ಹಿಡಿಯುವ ದೆವ್ವಗಳಲ್ಲಿ, ಎಷ್ಟು ಬಗೆ, ಯಾವುದು ಹಿಡಿದರೆ ರೋಗಿ ಹೇಗೆ ಆಡುತ್ತಾನೆ, ಮಂಡಲ ಹೇಗೆ ಬರೆಯಬೇಕು, ಎಣ್ಣೆ ಹೇಗೆ ಕಾಯಿಸಬೇಕು.

ಇದನ್ನು ಓದಿದ ಮೇಲೆ ನನಗೆ ಒಂದು ಆಸೆ ಹತ್ತಿದೆ. ಇಡೀ ಪ್ರದರ್ಶನದಲ್ಲಿ ಹೊರಗಿನದು ಕಡಿಮೆ ಇರಲಿ. ಕಲಬುರಗಿ, ಬೀದರ್, ಯಾದಗಿರಿಗೆ ಹೇಗಾದರೂ ಸಂಬಂಧ ಇರುವ ಭಯದ ಪುಸ್ತಕಗಳೇ ಜಾಸ್ತಿ ಇರಲಿ. ನಿಮಗೆ ಗೊತ್ತಿರುವುದನ್ನು ಇಲ್ಲಿ ಬರೆಯಿರಿ.

ಸುರಪುರದವಳು

ಮೇಡಂ, ಮೊದಲು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಆತ್ಮಕಥೆ ಇಡಿ. ದೆವ್ವದ ಪುಸ್ತಕ ಅಲ್ಲ ಅದು, ಆದರೆ ನಮ್ಮೂರಿನ ಅತಿ ದೊಡ್ಡ ಭವಿಷ್ಯವಾಣಿ ಅದರಲ್ಲಿದೆ. ಸ್ಟೋರಿ ಆಫ್ ಮೈ ಲೈಫ್, 1877ರಲ್ಲಿ ಅಚ್ಚಾಯಿತು. ಆಗ ಟೇಲರ್ ಸತ್ತು ಒಂದು ವರ್ಷ.

ಟೇಲರ್ 1841ರಲ್ಲಿ ಸುರಪುರಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಆಗಿನ್ನೂ ಚಿಕ್ಕ ಹುಡುಗ. ಟೇಲರ್‌ನನ್ನು "ಅಪ್ಪ" ಎಂದೇ ಕರೆಯುತ್ತಿದ್ದನಂತೆ. ಈ ಹುಡುಗ 24ನೇ ವರ್ಷ ದಾಟುವುದಿಲ್ಲ ಎಂದು ಜಾತಕದಲ್ಲಿದೆ ಎಂಬ ಗುಟ್ಟನ್ನು ಅರಮನೆಗೆ ಹತ್ತಿರದ ಬ್ರಾಹ್ಮಣರೊಬ್ಬರು ಟೇಲರ್‌ಗೆ ಹೇಳಿದರು ಎಂದು ಪುಸ್ತಕದಲ್ಲಿದೆ. 1858ರ ಬಂಡಾಯದಲ್ಲಿ ರಾಜ ಸಿಕ್ಕಿಬಿದ್ದ. ಮರಣದಂಡನೆ ಜೀವಾವಧಿಗೆ ಇಳಿಯಿತು, ಆಮೇಲೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್‌ಪಟ್ಟಿಗೆ ಕರೆದೊಯ್ಯುವಾಗ ದಾರಿಯಲ್ಲಿ ಗುಂಡೇಟಿನಿಂದ ತೀರಿಕೊಂಡ. ಗುಂಡು ಹಾರಿದ್ದು ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ.

ಜಾತಕ ಹೇಳಿದ ಹಾಗೇ ಆಯಿತಲ್ಲ ಎಂದು ಟೇಲರ್ ಮರುಗುತ್ತಾನೆ. ಆ ಪುಟಗಳನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗ ಓದಿದರೆ ಸಿಟ್ಟು ಬರುತ್ತದೆ. ರಾಜನ ಸಾವು ಹಣೆಬರಹದ ಲೆಕ್ಕಕ್ಕೆ ಹೋಗಿಬಿಟ್ಟರೆ ಆ ಪಿಸ್ತೂಲು ಅವನ ಕೈಗೆ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ದಯವಿಟ್ಟು ಪುಸ್ತಕದ ಪಕ್ಕದ ಚೀಟಿಯಲ್ಲಿ ಈ ಪ್ರಶ್ನೆಯೂ ಇರಲಿ.

ಇನ್ನೊಂದು. ಇದೇ ಟೇಲರ್ ನಮ್ಮ ಕಡೆಯ ಕಲ್ಲಿನ ಗೋರಿಗಳನ್ನು ಅಗೆದು ಬರೆದ. ರಾಜನಕೋಳೂರಿನ ಕಲ್ಮನೆಗಳಿಗೆ ನಮ್ಮ ಜನ ಮೋರ್ಯರ ಮನೆ ಎನ್ನುತ್ತಾರೆ. ಗಿಡ್ಡ ಗಿಡ್ಡ ಜನ ಅಲ್ಲಿ ವಾಸವಿದ್ದರು ಎಂಬ ನಂಬಿಕೆ. ಜೇವರ್ಗಿಯ ಗೋರಿಗಳಲ್ಲಿ ರುಂಡ ಬೇರೆ, ಮುಂಡ ಬೇರೆ ಆಗಿದ್ದ ಅಸ್ಥಿಪಂಜರಗಳು ಸಿಕ್ಕವು ಎಂದು ವರದಿ ಮಾಡಿದ್ದಾನೆ. ಅವನ ಚಿತ್ರಗಳಿರುವ ಪುಟ ತೆರೆದಿಟ್ಟರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ತೊಗರಿಹೊಲ

ನನ್ನ ಮಾತು ಕೆಲವರಿಗೆ ಕಹಿ ಅನಿಸಬಹುದು. ಹೇಳಲೇಬೇಕು.

ನಮ್ಮ ಭಾಗದಲ್ಲಿ ಭಾನಾಮತಿ ಅನ್ನುವುದು ಬರೀ ಕಥೆ ಅಲ್ಲ. ನನ್ನ ಸೋದರತ್ತೆಗೆ ಊರವರು ಆ ಹೆಸರು ಹಚ್ಚಿದರು. ಪಕ್ಕದ ಮನೆಯ ಸೊಸೆ ಇದ್ದಕ್ಕಿದ್ದಂತೆ ಬೊಗಳುವ ಹಾಗೆ ಕೂಗತೊಡಗಿದಳು. ಬಟ್ಟೆಗೆ ತಾನಾಗಿ ಬೆಂಕಿ ಬಿತ್ತು ಅಂದರು. ಅದಕ್ಕೆ ಕಾರಣ ಒಂಟಿ ವಿಧವೆಯಾದ ನಮ್ಮತ್ತೆ ಎಂದು ತೀರ್ಮಾನ ಆಯಿತು. ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಬಾವಿಗೆ ಬಿಡಲಿಲ್ಲ. ಕೊನೆಗೆ ನಾವೇ ಅವರನ್ನು ಶಹಾಬಾದಿಗೆ ಕರೆದುಕೊಂಡು ಬಂದೆವು. ಆ ಮನೆಗೆ ಅವರು ಮತ್ತೆ ಹೋಗಲಿಲ್ಲ.

ಈಗ ನೀವು ಮಂತ್ರ, ಯಂತ್ರ, ಗ್ರಹ ಬಿಡಿಸುವ ಪುಸ್ತಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ದೀಪ ಹಾಕಿ ತೋರಿಸುತ್ತೀರಿ. ವಿಶ್ವವಿದ್ಯಾಲಯದಲ್ಲೇ ಇದೆ ಅಂದಮೇಲೆ ಇದು ನಿಜ ಅಂತಲೇ ಜನ ತಿಳಿಯುತ್ತಾರೆ. ಮೊಬೈಲಿನಲ್ಲಿ ಯಂತ್ರದ ಫೋಟೊ ಹೊಡೆದುಕೊಂಡು ಹೋಗಿ ದುಡ್ಡು ಮಾಡುವವರಿಗೂ ಕಡಿಮೆ ಇಲ್ಲ. ನಿಧಿ ಆಸೆಗೆ ಹಳೆಯ ಗುಡಿ ಅಗೆಯುವವರನ್ನು ನಾವೆಲ್ಲ ನೋಡಿದ್ದೇವೆ.

ಹಳೇಪುಟ (ಕಲಬುರಗಿ)

ತೊಗರಿಹೊಲ ಅಣ್ಣ, ನಿಮ್ಮ ಅತ್ತೆಯವರಿಗೆ ಆದದ್ದು ಓದಿ ಸಂಕಟವಾಯಿತು. ನೀವು ಹೇಳಿದ್ದನ್ನು ಬಿಟ್ಟು ಈ ಪ್ರದರ್ಶನ ಮಾಡುವುದಿಲ್ಲ.

ಆದರೆ ಪುಸ್ತಕ ಮುಚ್ಚಿಡುವುದರಿಂದ ಮಂತ್ರವಾದಿಯ ಬಲ ಕಡಿಮೆ ಆಗುವುದಿಲ್ಲ, ಹೆಚ್ಚುತ್ತದೆ. "ನನ್ನ ಹತ್ತಿರ ಇರುವ ಕಟ್ಟಿನಲ್ಲಿ ಏನಿದೆ ಅಂತ ನಿನಗೇನು ಗೊತ್ತು" ಅನ್ನುವುದೇ ಅವನ ಬಂಡವಾಳ. ಎಲ್ಲರೂ ಓದಬಹುದು ಅಂದ ದಿನ ಆ ಮಾತಿಗೆ ಬೆಲೆ ಇರುವುದಿಲ್ಲ. ಓಲೆಗರಿಗಳಲ್ಲಿ ಮಂತ್ರವಾದ ಎಂದು ಬರೆದಿಟ್ಟ ಎಷ್ಟೋ ಕಟ್ಟುಗಳನ್ನು ಬಿಚ್ಚಿದರೆ ಒಳಗೆ ಚೇಳಿನ ವಿಷಕ್ಕೆ ಬೇರು, ದನದ ಕಾಲುಬಾಯಿ ರೋಗಕ್ಕೆ ಕಷಾಯ, ಬಾಣಂತಿಗೆ ಖಾರ ಇವೇ ಇರುತ್ತವೆ. ಮಂಗರಾಜನ ಖಗೇಂದ್ರಮಣಿದರ್ಪಣ ನೋಡಿ. 14ನೇ ಶತಮಾನದ್ದು. ಹಾವಿನ ವಿಷಕ್ಕೆ ಮಂತ್ರವೂ ಇದೆ, ಮದ್ದೂ ಇದೆ, ಒಂದೇ ಉಸಿರಿನಲ್ಲಿ.

ಯಂತ್ರಗಳಿರುವ ಪುಟ ತೆರೆದಿಡುವುದಿಲ್ಲ. ಕಥೆಯ ಪುಟ, ಗ್ರಂಥ ಮುಗಿಸಿದ ಕಾಲ ಹೇಳುವ ಪುಟ ಇಡುತ್ತೇವೆ. ದೆವ್ವ ಬಿಡಿಸುತ್ತೇವೆ ಎಂದು ಹೊಡೆಯುವುದು, ಹಿಂಸಿಸುವುದು ರಾಜ್ಯದ 2017ರ ವಾಮಾಚಾರ ತಡೆ ಕಾನೂನಿನ ಪ್ರಕಾರ ಅಪರಾಧ. ಆ ಮಾತನ್ನು ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸುತ್ತೇನೆ. ಮೈಮೇಲೆ ಬರುವುದರ ಬಗ್ಗೆ ಒಂದು ದಿನ ಮಾನಸಿಕ ವೈದ್ಯರೊಬ್ಬರಿಂದ ಮಾತು ಇಡೋಣ. ನೀವೂ ಬಂದು ನಿಮ್ಮ ಅತ್ತೆಯ ಕಥೆ ಹೇಳುತ್ತೀರಾ?

ಕಲ್ಯಾಣದ ಕಡೆಯವ

ತೊಗರಿಹೊಲ ಅವರ ಮಾತಿಗೆ ನಮ್ಮ ಬಸವಣ್ಣನೇ ಉತ್ತರ ಕೊಟ್ಟು ಹೋಗಿದ್ದಾನೆ. ಬಸವಕಲ್ಯಾಣದವನಾಗಿ ಇದನ್ನು ಹೇಳದೆ ಇರಲಾರೆ. "ಹಾಳು ಮೊರಡಿಗಳಲ್ಲಿ, ಊರ ದಾರಿಗಳಲ್ಲಿ, ಕೆರೆ ಬಾವಿ ಹೂಗಿಡ ಮರಂಗಳಲ್ಲಿ" ಎಂದು ಶುರುವಾಗುವ ವಚನ ನೋಡಿ. ದೆವ್ವಗಳು ಎಲ್ಲೆಲ್ಲಿ ಮನೆ ಮಾಡುತ್ತವೆ, ಯಾರನ್ನು ಹಿಡಿಯುತ್ತವೆ ಎಂದು ಸಾಲಾಗಿ ಹೇಳುತ್ತಾನೆ. ಹಾಲು ಕರೆಯುವ ಎಮ್ಮೆ, ಹಸುಗೂಸು, ಬಸುರಿ, ಬಾಣಂತಿ. ಆಮೇಲೆ ಹೆಸರು ಹಿಡಿದು ಕರೆಯುತ್ತಾನೆ: ಮಾರಯ್ಯ, ಬೀರಯ್ಯ, ಅಂತರಬೆಂತರ, ಕಾಳಯ್ಯ, ಕೇತಯ್ಯ. ಈ ನೂರು ಮಡಕೆಗೆ ಕೂಡಲಸಂಗಮದೇವ ಶರಣೆಂಬ ದೊಣ್ಣೆಯೊಂದೇ ಸಾಲದೆ ಎಂದು ಮುಗಿಸುತ್ತಾನೆ.

12ನೇ ಶತಮಾನದ ಹಳ್ಳಿಯ ಜನ ಯಾವುದಕ್ಕೆ ಹೆದರುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ದೊಣ್ಣೆ ಎತ್ತುವ ಮೊದಲು ಮಡಕೆಗಳನ್ನೆಲ್ಲ ಎಣಿಸಿಟ್ಟಿದ್ದಾನೆ. ಈ ವಚನವನ್ನು ಪ್ರದರ್ಶನದ ಮೊದಲ ಗೋಡೆಗೆ ಹಾಕಿ ಮೇಡಂ.

ಹಳೇಪುಟ (ಕಲಬುರಗಿ)

ಹಾಕುತ್ತೇನೆ. ಇಡೀ ವಚನ, ದೊಡ್ಡದಾಗಿ.

ಓಲೆಗರಿ

ನಿವೃತ್ತ ಕನ್ನಡ ಮೇಷ್ಟ್ರು ನಾನು, ಸೇಡಂ. ಅಂತರಬೆಂತರ ಬಂದದ್ದು ನೋಡಿ ಕೈ ಸುಮ್ಮನಿರಲಿಲ್ಲ.

ಜನ್ನನ ಯಶೋಧರ ಚರಿತೆ ಇಡಿ. ಕಾಲ 1209. ಕನ್ನಡದಲ್ಲಿ ಅದಕ್ಕಿಂತ ಭಯದ ಕಾವ್ಯ ಇಲ್ಲ ಎಂದು ನಾನು ಹಟ ಹಿಡಿದು ವಾದಿಸುತ್ತೇನೆ. ಮೊದಲಿಗೇ ಚಂಡಮಾರಿಯ ಗುಡಿ, ಬಲಿಗೆಂದು ಹಿಡಿದು ತಂದ ಅಣ್ಣ ತಂಗಿ. ಆಮೇಲೆ ಹಿಟ್ಟಿನ ಕೋಳಿ. ಯಶೋಧರ ಜೀವಹಿಂಸೆ ಬೇಡ ಎಂದು ಹಿಟ್ಟಿನಲ್ಲಿ ಕೋಳಿ ಮಾಡಿಸುತ್ತಾನೆ. ಬಣ್ಣ ಹಚ್ಚಿದ ಆ ಕೋಳಿ ಎಷ್ಟು ಚೆನ್ನಾಗಿತ್ತೆಂದರೆ ಒಂದು ಬೆಂತರ ಅದರೊಳಗೆ ಹೊಕ್ಕು ಕೂತಿರುತ್ತದೆ. ಕತ್ತಿ ಬಿದ್ದಾಗ ಕೋಳಿ ಕೂಗಿಬಿಡುತ್ತದೆ! ಹಿಟ್ಟಿನ ಕೋಳಿ ಕೂಗಿದ ಕ್ಷಣದಲ್ಲಿ ರಾಜನ ಕೈ ನಡುಗುವುದನ್ನು ಕ್ಲಾಸಿನಲ್ಲಿ ಓದಿ ಹೇಳುವಾಗ ಹಿಂದಿನ ಬೆಂಚಿನವರೂ ಉಸಿರು ಬಿಗಿ ಹಿಡಿಯುತ್ತಿದ್ದರು. ಸಂಕಲ್ಪದ ಹಿಂಸೆಗೇ ಎಷ್ಟೋ ಜನ್ಮ ನವಿಲಾಗಿ, ನಾಯಿಯಾಗಿ ಅಲೆಯಬೇಕಾಗುತ್ತದೆ.

ಈಗ ಮುಖ್ಯ ಮಾತು. ಜನ್ನನಿಗಿಂತ ಎರಡು ಶತಮಾನಕ್ಕೂ ಹಿಂದೆ ಇದೇ ಕಥೆಯನ್ನು ಪುಷ್ಪದಂತ ಅಪಭ್ರಂಶದಲ್ಲಿ ಬರೆದ. ಜಸಹರಚರಿಉ ಅದರ ಹೆಸರು. ಎಲ್ಲಿ ಕುಳಿತು ಬರೆದ? ಮಾನ್ಯಖೇಟದಲ್ಲಿ. ಇಂದ್ರನಂದಿಯ ಊರಿನಲ್ಲೇ, ಅದೇ ಶತಮಾನದಲ್ಲಿ. ಕವಿರಾಜಮಾರ್ಗದ ಊರು ಎಂದು ಮಳಖೇಡಕ್ಕೆ ಹೋಗುತ್ತೇವೆ, ಕೋಟೆ ನೋಡಿ ಬರುತ್ತೇವೆ. ಆ ಊರು ಭಯದ ಸಾಹಿತ್ಯಕ್ಕೂ ರಾಜಧಾನಿ ಆಗಿತ್ತು ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಇದನ್ನು ನೀವು ಹೇಳಿದರೆ ಸಾಕು, ನಾನು ಬಸ್ಸು ಹತ್ತಿ ಬರುತ್ತೇನೆ.

ರನ್ನನನ್ನೂ ಮರೆಯಬೇಡಿ. ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುವಾಗ ರಣರಂಗದ ಮರುಳುಗಳು ಅವನನ್ನು ಹಂಗಿಸುತ್ತವೆ. ಚಕ್ರವರ್ತಿ ದೆವ್ವದ ಬಾಯಲ್ಲಿ ಮಾತು ಕೇಳಿಸಿಕೊಳ್ಳಬೇಕಾಗುತ್ತದೆ.

ಮತ್ತೆ ಗುಣಾಢ್ಯ. ಬೃಹತ್ಕಥೆಯನ್ನು ಪೈಶಾಚಿ ಭಾಷೆಯಲ್ಲಿ, ತನ್ನದೇ ರಕ್ತದಲ್ಲಿ ಬರೆದನೆಂದು ಐತಿಹ್ಯ. ಏಳು ಲಕ್ಷ ಶ್ಲೋಕ. ಸಾತವಾಹನ ರಾಜ ಬೇಡ ಅಂದ. ಗುಣಾಢ್ಯ ಕಾಡಿನಲ್ಲಿ ಕುಳಿತು ಒಂದೊಂದೇ ಎಲೆ ಓದಿ ಬೆಂಕಿಗೆ ಹಾಕಿದ. ಪ್ರಾಣಿಗಳು ಮೇವು ಬಿಟ್ಟು ಕಣ್ಣೀರಿಡುತ್ತ ಕೇಳಿದವು. ಆರು ಲಕ್ಷ ಸುಟ್ಟ ಮೇಲೆ ರಾಜ ಓಡಿ ಬಂದ, ಒಂದು ಲಕ್ಷ ಉಳಿಯಿತು. ಬೇತಾಳನ 25 ಕಥೆಗಳು ಇಂದು ನಮಗೆ ಸಿಗುವುದು ಬೃಹತ್ಕಥೆಯನ್ನು ಆಧರಿಸಿದ ಕಥಾಸರಿತ್ಸಾಗರದಲ್ಲಿ. ದುರ್ಗಸಿಂಹನೂ ತನ್ನ ಕನ್ನಡ ಪಂಚತಂತ್ರದ ಮೂಲವನ್ನು ಗುಣಾಢ್ಯನ ತನಕ ಒಯ್ಯುತ್ತಾನೆ. ಆ ಸಾತವಾಹನ ರಾಜರ ಮುಖ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಸನ್ನತಿ ಹತ್ತಿರದ ಕನಗನಹಳ್ಳಿಯ ಕಲ್ಲುಗಳಲ್ಲಿ ಹೆಸರು ಸಮೇತ ಇದ್ದಾರೆ. ಒಂದು ಫೋಟೊ ಪಕ್ಕದಲ್ಲಿಡಿ.

ಬಿದರಿ ಹೂಜಿ

ಬೀದರಿನಿಂದ ಸಲಾಂ. ಫಾರಸಿ, ಉರ್ದು ಕಡೆ ಯಾರೂ ಬರಲಿಲ್ಲವಲ್ಲ. ನಮ್ಮ ಮೂರೂ ಜಿಲ್ಲೆ 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದವು. ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಉರ್ದು ಪುಸ್ತಕ ಇಲ್ಲದಿದ್ದರೇ ಆಶ್ಚರ್ಯ.

ಫಾರಸಿ ಹಸ್ತಪ್ರತಿಗಳ ಮೊದಲ ಪುಟ, ಕೊನೆಯ ಪುಟ ಹುಷಾರಾಗಿ ನೋಡಿ ಮೇಡಂ. ಕೆಲವದರಲ್ಲಿ "ಯಾ ಕಬೀಕಜ್" ಎಂದು ಬರೆದಿರುತ್ತದೆ. ಕಬೀಕಜ್ ಎಂದರೆ ಹುಳುಗಳ ಮೇಲೆ ಅಧಿಕಾರ ಇರುವ ಜಿನ್, ಜಿರಳೆಗಳ ರಾಜ ಎಂದು ನಂಬಿದ್ದರು. ಅವನ ಹೆಸರು ಕಂಡರೆ ಹುಳು ಪುಸ್ತಕ ಮುಟ್ಟುವುದಿಲ್ಲ ಎಂಬ ಭರವಸೆ. ಅದು ನಿಜಕ್ಕೂ ಒಂದು ವಿಷದ ಗಿಡದ ಹೆಸರು. ಮೊದಲು ಗಿಡ ಕಾಪಾಡುತ್ತಿತ್ತು, ಆಮೇಲೆ ಹೆಸರೇ ಕಾಪಾಡತೊಡಗಿತು. ಗೆದ್ದಲು ತಿಂದ ಪುಟದಲ್ಲೂ ಈ ಹೆಸರು ಉಳಿದಿರುವುದನ್ನು ನಾನು ನೋಡಿದ್ದೇನೆ. ಪುಸ್ತಕದ ಮೇಲೆ ಅಷ್ಟು ಪ್ರೀತಿ ಇದ್ದ ಆ ಲಿಪಿಕಾರನನ್ನು ನೆನೆದರೆ ಎದೆ ತುಂಬುತ್ತದೆ.

ಕಜ್ವೀನಿಯ ಅಜಾಇಬುಲ್ ಮಖ್ಲೂಕಾತ್ 13ನೇ ಶತಮಾನದ್ದು. ಸೃಷ್ಟಿಯ ಅದ್ಭುತಗಳ ಪುಸ್ತಕ. ಜಿನ್‌ಗಳು, ವಿಚಿತ್ರ ಪ್ರಾಣಿಗಳು, ಎಲ್ಲಕ್ಕೂ ಚಿತ್ರ. ದಖನ್ನಿನಲ್ಲೂ ಅದರ ಪ್ರತಿ ಮಾಡಿದ್ದಾರೆ. ವಿಜಯಪುರದ ಆದಿಲ್‌ಶಾಹಿಗಳು 1570ರಲ್ಲಿ ನುಜೂಮುಲ್ ಉಲೂಮ್ ಎಂಬ ಚಿತ್ರಗಳ ದೊಡ್ಡ ಗ್ರಂಥ ಬರೆಸಿದರು. ಗ್ರಹ, ನಕ್ಷತ್ರ, ತಾಯತ, ಮಂತ್ರಶಕ್ತಿ ಎಲ್ಲ ಅದರಲ್ಲಿದೆ. ಈಗ ಅದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನಮ್ಮ ಪಕ್ಕದ ಜಿಲ್ಲೆಯ ಪುಸ್ತಕ ನೋಡಲು ಐರ್ಲೆಂಡಿಗೆ ಹೋಗಬೇಕು. ದೊಡ್ಡ ಪ್ರಿಂಟ್ ಆದರೂ ಹಾಕಿ.

ಮಹಮೂದ್ ಗವಾನ್ ಮದರಸಾ 1472ರದು. ಅಲ್ಲಿ 3000 ಹಸ್ತಪ್ರತಿ ಇದ್ದವೆಂದು ಹೇಳುತ್ತಾರೆ. 17ನೇ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸಿಡಿದು ಅರ್ಧ ಕಟ್ಟಡ ಹೋಯಿತು. ರಾತ್ರಿ ಅಲ್ಲಿ ಓದುವ ಸದ್ದು ಕೇಳುತ್ತದೆ ಎಂದು ನಮ್ಮ ನಾನಿ ಹೇಳುತ್ತಿದ್ದರು.

ಭೀಮಾತೀರ

ಅಫಜಲಪುರ ತಾಲೂಕಿನವನು ನಾನು. ದತ್ತ ಗುರು ನರಸಿಂಹ ಸರಸ್ವತಿಯ ಕಥೆ ಹೇಳುವ ಗುರುಚರಿತ್ರೆ ಬಿಟ್ಟು ಕಲಬುರಗಿಯಲ್ಲಿ ಭೂತದ ಮಾತು ಹೇಗೆ ಮುಗಿಯುತ್ತದೆ?

ದೇವಲ ಗಾಣಗಾಪುರಕ್ಕೆ ನರಸಿಂಹ ಸರಸ್ವತಿ ಬಂದಾಗ ಊರಿನಲ್ಲಿ ಒಂದು ಪಾಳು ಮನೆ, ಅದರ ಹತ್ತಿರ ಅಶ್ವತ್ಥ ಮರ. ಮರದಲ್ಲಿ ಬ್ರಹ್ಮರಾಕ್ಷಸ. ಹೆದರಿ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಗುರುಗಳು ಅದಕ್ಕೆ ಮುಕ್ತಿ ಕೊಟ್ಟು ಆ ಮನೆಯಲ್ಲೇ ಮಠ ಮಾಡಿಕೊಂಡರು. ಊರಿನ ದೆವ್ವದ ಮನೆಯೇ ಮಠ ಆಯಿತು ನೋಡಿ. ಬೀದರಿನ ಸುಲ್ತಾನ ತೊಡೆಯ ಹುಣ್ಣು ಹಿಡಿದುಕೊಂಡು ಗುರುಗಳ ಹತ್ತಿರ ಬಂದ ಕಥೆಯೂ ಅದರಲ್ಲಿದೆ. ಹಿಂದಿನ ಜನ್ಮದಲ್ಲಿ ಅವನು ಅಗಸನಾಗಿದ್ದ, ಗುರುಗಳ ಭಕ್ತನಾಗಿದ್ದ.

ಇಂದಿಗೂ ಆರತಿ ಹೊತ್ತಿಗೆ ಮೈಮೇಲೆ ಬಂದವರು ಕೂಗಾಡುವುದು, ಕಂಬ ಹತ್ತುವುದು ನೋಡಬಹುದು. ಮಹಾರಾಷ್ಟ್ರ, ಆಂಧ್ರ, ತೆಲಂಗಾಣದಿಂದ ಜನ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಮನೆಯಲ್ಲಿ ಒಂದು ಮಾತು ಎತ್ತರಿಸಿ ಆಡಲಾಗದವರು ಅಲ್ಲಿ ಗಂಟಲು ಬಿಚ್ಚಿ ಕೂಗುತ್ತಾರೆ. ಅವರನ್ನು ನೋಡುತ್ತ ಬೆಳೆದವನಾಗಿ ಕೇಳಿಕೊಳ್ಳುತ್ತೇನೆ. ಅವರ ಫೋಟೊ ಮಾತ್ರ ಪ್ರದರ್ಶನದಲ್ಲಿ ಹಾಕಬೇಡಿ. ಪುಸ್ತಕ ಇಡಿ, ಸಾಕು.

ಹಳೇಪುಟ (ಕಲಬುರಗಿ)

ಇಲ್ಲ, ಯಾರ ಫೋಟೊವನ್ನೂ ಹಾಕುವುದಿಲ್ಲ. ಇದು ಮಾತು.

ಪಿಜಿ ಹಾಸ್ಟೆಲ್

ಅಕ್ಕ, ಮುಟ್ಟಿದವರು ಸಾಯುವ ಪುಸ್ತಕ ಇರುತ್ತದೆ ಅಂತಾರಲ್ಲ, ನಿಜಾನಾ? ನಮ್ಮ ರೂಮಿನಲ್ಲಿ ಇದೇ ಜಗಳ.

ಹಳೇಪುಟ (ಕಲಬುರಗಿ)

ಶಾಪದಿಂದ ಅಲ್ಲಮ್ಮ, ಪಾಷಾಣದಿಂದ. ಹುಳು ಬರಬಾರದೆಂದು ನಮ್ಮ ಹಳೆಯ ಲಿಪಿಕಾರರು ಕಾಗದಕ್ಕೆ ಹರಿತಾಳ ಬಳಿಯುತ್ತಿದ್ದರು. ತಪ್ಪು ಅಕ್ಷರ ಮುಚ್ಚಲೂ ಅದನ್ನೇ ಹಚ್ಚುತ್ತಿದ್ದರು. ಹಳದಿ ಬಣ್ಣ. ಅದು ಆರ್ಸೆನಿಕ್ ಮತ್ತು ಗಂಧಕ. 19ನೇ ಶತಮಾನದ ಯುರೋಪಿನ ಕೆಲವು ಹಸಿರು ಬಟ್ಟೆಯ ರಟ್ಟುಗಳಲ್ಲೂ ಆರ್ಸೆನಿಕ್ ಇದೆ. ಅಮೆರಿಕದ ವಿಂಟರ್‌ಥರ್ ಸಂಸ್ಥೆ 2019ರಿಂದ ಅಂಥವನ್ನು ಹುಡುಕಿ ಪಟ್ಟಿ ಮಾಡುತ್ತಿದೆ. ಒಮ್ಮೆ ಮುಟ್ಟಿದ ಮಾತ್ರಕ್ಕೆ ಜೀವ ಹೋಗುವುದಿಲ್ಲ. ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸುವ ರೂಢಿ ಇದ್ದರೆ ಮಾತ್ರ ಇವತ್ತೇ ಬಿಡಿ. ನಮ್ಮಲ್ಲಿ ಹಳದಿ ಕಾಗದದ ಪ್ರತಿಗಳಿಗೆ ಕೈಗವಸು ಕೊಡುತ್ತೇವೆ. ಆಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು.

ಶೆಲ್ಫ್ ನಂಬರ್

ನಾನು ಬೇರೆ ಊರಿನ ಗ್ರಂಥಪಾಲಕ. ಪ್ರದರ್ಶನ ಮುಗಿದ ಮೇಲೆ ಏನು ಎಂದು ಯಾರೂ ಕೇಳಲಿಲ್ಲ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಲೆಕ್ಕದಲ್ಲಿ ಮಾಟ ಮಂತ್ರ, ದೆವ್ವ 133ಕ್ಕೆ ಹೋಗುತ್ತವೆ. ಜಾನಪದ 398. ಜೈನ ಗ್ರಂಥ 294.4. ಕನ್ನಡ ಕಾವ್ಯ 894.814. ಮೇಲೆ ಹೇಳಿದ ಪುಸ್ತಕಗಳೆಲ್ಲ ನಾಲ್ಕು ಮೂಲೆಗೆ ಹೋಗಿ ಕೂರುತ್ತವೆ. ಮತ್ತೆ ಯಾರಿಗೂ ಒಟ್ಟಿಗೆ ಸಿಗುವುದಿಲ್ಲ. ಕ್ಯಾಟಲಾಗಿನಲ್ಲಿ ಪ್ರತಿಯೊಂದಕ್ಕೂ "ದೆವ್ವ, ಭೂತ" ಎಂಬ ವಿಷಯ ಶೀರ್ಷಿಕೆ ಸೇರಿಸಿ. "ಮಳಖೇಡ" ಎಂದು ಸ್ಥಳದ ಹೆಸರನ್ನೂ ಸೇರಿಸಿ. ಒಂದು ಹುಡುಕಾಟಕ್ಕೆ ಇಂದ್ರನಂದಿ, ಪುಷ್ಪದಂತ ಇಬ್ಬರೂ ಬರಬೇಕು. ಇಷ್ಟು ಕೆಲಸ ಆದರೆ ಪ್ರದರ್ಶನಕ್ಕಿಂತ ಅದೇ ದೊಡ್ಡದು.

ಹಳೇಪುಟ (ಕಲಬುರಗಿ)

ಒಪ್ಪಿದೆ. ಈ ವಾರದಿಂದಲೇ ಶುರು ಮಾಡುತ್ತೇನೆ.

ತೊಗರಿಹೊಲ

ಎಲ್ಲ ಓದಿದೆ. ಬರುತ್ತೇನೆ ಮೇಡಂ, ಅತ್ತೆಯ ಮಾತು ಹೇಳುತ್ತೇನೆ. ಅವರ ಹೆಸರು ಹೇಳುವುದಿಲ್ಲ.

ಹೊಸ ಸದಸ್ಯೆ

ನಮಸ್ಕಾರ. ಚಿತ್ತಾಪುರದ ಹತ್ತಿರದ ಹಳ್ಳಿ. ನಮ್ಮ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಓಲೆಗರಿ ಕಟ್ಟು ಇದೆ. ಜೊತೆಗೆ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ, ಬಿಳಿ ಅಕ್ಷರ. "ಆ ಕಟ್ಟು ಬಿಚ್ಚಬ್ಯಾಡ, ಮನ್ಯಾಗ ಏನರೆ ಆಗ್ತದ" ಅಂತ ಅಜ್ಜಿ ಯಾವಾಗಲೂ ಹೇಳುತ್ತಾರೆ. ಮಹಾನವಮಿಗೆ ಕುಂಕುಮ ಹಚ್ಚಿ ಪೂಜೆ ಮಾಡಿ ಮತ್ತೆ ಮೇಲಿಡುತ್ತೇವೆ. ತರಬಹುದಾ? ಕಿತ್ತುಕೊಳ್ಳುವುದಿಲ್ಲ ತಾನೇ?

ಹಳೇಪುಟ (ಕಲಬುರಗಿ)

ಖಂಡಿತ ತನ್ನಿ ತಂಗಿ. ಪುಸ್ತಕ ನಿಮ್ಮದೇ. ನಾವು ನೋಡಿ, ಸ್ಕ್ಯಾನ್ ಮಾಡಿ, ಕಟ್ಟಿ ವಾಪಸ್ ಕೊಡುತ್ತೇವೆ. ಕಪ್ಪು ಬಟ್ಟೆಯದು ಕಡತ. ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆ ಅದು, ಬಳಪದಲ್ಲಿ ಬರೆದದ್ದು. ಒದ್ದೆ ಕೈ ತಾಗಿದರೆ ಅಕ್ಷರ ಅಳಿಸಿ ಹೋಗುತ್ತದೆ, ಅದಕ್ಕೇ ಬಿಚ್ಚಬೇಡಿ. ಒರೆಸಬೇಡಿ, ಎಣ್ಣೆ ಹಚ್ಚಬೇಡಿ. ಓಲೆಗೆ ಎಣ್ಣೆ ಹಚ್ಚುವ ಕೆಲಸ ನಾವು ಮಾಡುತ್ತೇವೆ. ಈ ಸಲ ಕುಂಕುಮ ಮೇಲಿನ ಬಟ್ಟೆಗೆ ಮಾತ್ರ ಹಚ್ಚಲು ಅಜ್ಜಿಗೆ ಹೇಳಿ.

ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಬನ್ನಿ. ಅವರ ಎದುರಿಗೇ ಬಿಚ್ಚೋಣ. ಅವರು ಹೇಳುವ ಕಥೆಯನ್ನೂ ಬರೆದುಕೊಳ್ಳುತ್ತೇನೆ. ವಿಭಾಗ ನೆಲಮಹಡಿಯಲ್ಲೇ ಇದೆ, ಮೆಟ್ಟಿಲು ಹತ್ತಬೇಕಿಲ್ಲ. ಕಟ್ಟನ್ನು ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಅಡ್ಡಲಾಗಿ ಮಲಗಿಸಿ ತನ್ನಿ. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಳ್ಳಿ. ಗೇಟಿನಲ್ಲಿ ಕೇಳುತ್ತಾರೆ, ಆಧಾರ್ ಕಾರ್ಡ್ ಜೊತೆಗಿರಲಿ.